ಬ್ಯಾಕ್ಟೀರಿಯಾ ಕಲಿತ ಹೊಸ ಕೆಲಸ

ಹಾಲಿಗೆ ಹೆಪ್ಪು ಹಾಕುವುದೂ ಜೈವಿಕ ತಂತ್ರಜ್ಞಾನವೇ ಎಂದು ನೀವು ಓದಿರುತ್ತೀರಿ. ಜೀವಿಗಳ ನೆರವಿನಿಂದ ನಮಗೆ ಬೇಕಾದ ವಸ್ತುವನ್ನು ಪಡೆಯುವುದು ಎಂಬ ಅರ್ಥದಲ್ಲಿ ಅದು ಸರಿ. 1919ರಲ್ಲಿ ಈ ಹೆಸರನ್ನು ಬಳಕೆಗೆ ತಂದ ಹಂಗೆರಿಯ ಎಂಜಿನಿಯರ್ ಕಾರ್ಲ್ ಎರೆಕಿಯ ಮನಸ್ಸಿನಲ್ಲಿದ್ದುದೂ ಹೆಚ್ಚುಕಡಿಮೆ ಇದೇ. ಆದರೆ ಮೊಸರು ಮಾಡುವ ಬ್ಯಾಕ್ಟೀರಿಯಾ ತನ್ನ ಹುಟ್ಟುಗುಣದ ಕೆಲಸವನ್ನಷ್ಟೇ ಮಾಡುತ್ತದೆ. ಅದಕ್ಕೆ ಗೊತ್ತೇ ಇಲ್ಲದ ಕೆಲಸವನ್ನು ಕಲಿಸಲು ಸಾಧ್ಯವೆ? ಸಾಧ್ಯವೆಂದು ತೋರಿಸಿದ್ದು ಇನ್ಸುಲಿನ್.

1921ಕ್ಕೆ ಮೊದಲು ಮಧುಮೇಹ ತಗಲಿದ ಮಗು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ವೈದ್ಯರು ವಿಧಿಸುತ್ತಿದ್ದುದು ಉಪವಾಸಕ್ಕೆ ಸಮನಾದ ಪಥ್ಯ. ಆ ವರ್ಷ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಇರುವ ಸಾರವನ್ನು ತೆಗೆದರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಅದನ್ನು ಚುಚ್ಚಲಾಯಿತು. ಮೊದಲ ಸಲ ಫಲಿಸಲಿಲ್ಲ. ಜೀವರಸಾಯನಜ್ಞ ಕಾಲಿಪ್ ಶುದ್ಧೀಕರಿಸಿಕೊಟ್ಟ ಮದ್ದು 12 ದಿನಗಳ ನಂತರ ಫಲಿಸಿತು. ಹುಡುಗ ಮತ್ತೆ 13 ವರ್ಷ ಬದುಕಿದ. ಶೋಧಕರು ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು.

ಮುಂದಿನ 60 ವರ್ಷ ಇನ್ಸುಲಿನ್ ಬಂದದ್ದು ಕಸಾಯಿಖಾನೆಗಳಿಂದ. ಸುಮಾರು 225 ಗ್ರಾಂ ಇನ್ಸುಲಿನ್ ತೆಗೆಯಲು ಹಂದಿಯ ಅಂಗಗಳು ಎರಡು ಟನ್ನಿಗೂ ಹೆಚ್ಚು ಬೇಕಾಗುತ್ತಿದ್ದವು! ಮೇಲಾಗಿ ಅದು ಮನುಷ್ಯನ ಇನ್ಸುಲಿನ್ ಅಲ್ಲ. 51 ಅಮೈನೋ ಆಮ್ಲಗಳಲ್ಲಿ ಹಂದಿಯದು ಒಂದರಲ್ಲಿ, ಹಸುವಿನದು ಮೂರರಲ್ಲಿ ಬೇರೆ. ಕೆಲವರ ಮೈಗೆ ಅದು ಒಗ್ಗುತ್ತಿರಲಿಲ್ಲ.

1978ರಲ್ಲಿ ಅಮೆರಿಕದ ಜೆನೆಂಟೆಕ್ ಕಂಪನಿ ಮತ್ತು ಸಿಟಿ ಆಫ್ ಹೋಪ್ ಸಂಸ್ಥೆಯ ವಿಜ್ಞಾನಿಗಳು ಮಾನವ ಇನ್ಸುಲಿನ್ನಿಗೆ ಬೇಕಾದ ವಂಶವಾಹಿಯನ್ನು ರಾಸಾಯನಿಕವಾಗಿ ಕಟ್ಟಿದರು. ಅದನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಕ್ಕೆ ಜೋಡಿಸಿ ಇ. ಕೋಲಿ ಬ್ಯಾಕ್ಟೀರಿಯಾದ ಒಳಕ್ಕೆ ಸೇರಿಸಿದರು. ಇನ್ಸುಲಿನ್ ಎರಡು ಸರಪಳಿಗಳ ಪ್ರೋಟೀನು. ಒಂದೊಂದು ಸರಪಳಿಯನ್ನೂ ಬೇರೆಬೇರೆಯಾಗಿ ಬ್ಯಾಕ್ಟೀರಿಯಾಗಳಿಂದ ಮಾಡಿಸಿ, ಬಳಿಕ ಪ್ರಯೋಗಶಾಲೆಯಲ್ಲಿ ಕೂಡಿಸಿದರು. ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಕಾಯಿಲೆಯಿಲ್ಲ, ಇನ್ಸುಲಿನ್ನಿನ ಹಂಗೂ ಇಲ್ಲ. ಆದರೂ ಹೊರಗಿನಿಂದ ಬಂದ ಆಜ್ಞೆಯನ್ನು ತನ್ನದೇ ಎಂಬಂತೆ ಪಾಲಿಸಿತು. 1982ರಲ್ಲಿ ಅಮೆರಿಕ ಸರ್ಕಾರ ಈ ಮದ್ದಿನ ಮಾರಾಟಕ್ಕೆ ಒಪ್ಪಿತು.

ಕ್ಯಾಮೆರಾಕ್ಕೆ ತೋರಿಸಲು ಇಲ್ಲಿ ಹೆಚ್ಚೇನೂ ಸಿಗುವುದಿಲ್ಲ: ಒಂದು ಉಕ್ಕಿನ ತೊಟ್ಟಿ, ಕೆಲವು ಕೊಳವೆಗಳು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ತಯಾರಾದದ್ದೂ ಇಂಥ ತೊಟ್ಟಿಯಲ್ಲೇ. ಅಲ್ಲಿ ಕೆಲಸ ಮಾಡಿದ್ದು ಬ್ಯಾಕ್ಟೀರಿಯಾ ಅಲ್ಲ, ಪಿಕಿಯಾ ಎಂಬ ಯೀಸ್ಟ್. ಔಷಧಿ ಅಂಗಡಿಯಲ್ಲಿ ಮಾನವ ಇನ್ಸುಲಿನ್ ಸೀಸೆಯ ಪೊಟ್ಟಣ ಸಿಕ್ಕರೆ ಓದಿ ನೋಡಿ. 'ಆರ್‌-ಡಿಎನ್‌ಎ ಮೂಲದ್ದು' ಎಂಬ ಮಾತು ಅದರ ಮೇಲಿದ್ದರೆ, ಅದು ಈ ವಿಧಾನದ ಗುರುತು. ಪಕ್ಕದಲ್ಲಿರುವ ಬೆಲೆಯನ್ನೂ ಓದಿ.