ಹುಳದ ಜೊತೆಗೊಂದು ಚೀಟಿ

ಮಿರಗದ ಮಳೆ ಬಿದ್ದು ಮಣ್ಣು ನೆನೆದರೆ ಸಾಕು, ಮಖಮಲ್ಲಿನ ಗುಂಡಿಯಂಥ ಕೆಂಪು ಹುಳ ಹೊಲದಲ್ಲಿ ಹರಿದಾಡತೊಡಗುತ್ತದೆ. ಮುಟ್ಟಿದರೆ ಕಾಲು ಮಡಚಿ ಸುಮ್ಮನಾಗುತ್ತದೆ. ಮಕ್ಕಳು ಬೆಂಕಿಪೊಟ್ಟಣದಲ್ಲಿ ಕೂಡಿಡುವ ಈ ಮಿರಗದ ಹುಳಕ್ಕೆ ಕಾಲು ಎಂಟು. ಅಂದರೆ ಅದು ಕೀಟವೇ ಅಲ್ಲ, ಜೇಡ-ಚೇಳುಗಳ ಬಳಗದ್ದು. ಹಾಗೆ ಕಾಲು ಎಣಿಸಲು ಕೂತವರಿಗೆ ಹುಳ ಗುರುತಿಸುವ ಹುಚ್ಚು ಹತ್ತಿತೆಂದೇ ಲೆಕ್ಕ.

ನಮ್ಮ ಭಾಗದಲ್ಲಿ ಈ ಹುಚ್ಚು ಬರಹಕ್ಕಿಳಿದದ್ದು ಬೆಳಗಾವಿ, ಕಾರವಾರಗಳು ಮುಂಬಯಿ ಪ್ರಾಂತ್ಯದಲ್ಲಿದ್ದಾಗ. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದವರಲ್ಲಿ ಒಬ್ಬರಾದ ಇ. ಎಚ್. ಏಟ್ಕಿನ್ ಉಪ್ಪು-ಸುಂಕದ ಅಧಿಕಾರಿ. ಟಿ. ಆರ್. ಬೆಲ್ ಅರಣ್ಯ ಇಲಾಖೆಯವರು. ಜೆ. ಡೇವಿಡ್‌ಸನ್ ಜೊತೆ ಸೇರಿ ಇವರಿಬ್ಬರೂ 1896-97ರಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಬೆಳಗಾವಿ ಕಡೆಯ ಖಾನಾಪುರದ ಕಾಡು ಉತ್ತರ ಕನ್ನಡಕ್ಕೆ ಅಂಟಿಕೊಂಡೇ ಇದೆ. ಚಿಟ್ಟೆಗಳಿಗೆ ಜಿಲ್ಲೆಯ ಗಡಿಯಿಲ್ಲ.

ಇವರಲ್ಲಿ ನನಗೆ ಬೆಲ್ ದೊಡ್ಡವರು. ಬಲೆ ಬೀಸಿ ಸೂಜಿ ಚುಚ್ಚಿ ಪೆಟ್ಟಿಗೆ ತುಂಬಿಸಿದವರು ಬಹಳ ಜನ. ಬೆಲ್ ಮೊಟ್ಟೆಯಿಂದ ಹಿಡಿದು ಸಾಕಿದರು. ಕಂಬಳಿಹುಳು ಯಾವ ಎಲೆ ತಿನ್ನುತ್ತದೆ, ಎಲ್ಲಿ ಕೂತು ತಿನ್ನುತ್ತದೆ, ಕೋಶ ಹೇಗೆ ಕಟ್ಟುತ್ತದೆ, ಎಲ್ಲ ಬರೆದಿಟ್ಟರು. ಎಲೆಯ ಹೆಸರು ಬೇಕಾಗಿ ಗಿಡಗಳನ್ನೂ ಕಲಿತರು. 1937ರಲ್ಲಿ ಎಫ್. ಬಿ. ಸ್ಕಾಟ್ ಜೊತೆ ಅವರು ಬರೆದ ಹಾಕ್‌ಮಾತ್ ಪತಂಗಗಳ ಸಂಪುಟಕ್ಕೆ ಈ ಸಾಕಣೆಯ ಟಿಪ್ಪಣಿಗಳೇ ಬಲ. 1948ರಲ್ಲಿ ಅವರು ತೀರಿಕೊಂಡದ್ದೂ ಕಾರವಾರದಲ್ಲೇ.

ಖಾನಾಪುರಕ್ಕೆ ಇನ್ನೊಂದು ನಂಟಿದೆ. ತಳೇವಾಡಿ ಹತ್ತಿರದ ಬಾರಾಪೇಡೆ ಗುಹೆಯ ಅಪರೂಪದ ಬಾವಲಿಗೆ 1913ರಲ್ಲಿ ಆರ್. ಸಿ. ರಾಟನ್ ಅವರ ಹೆಸರಿಟ್ಟರು. ಸಸ್ತನಿಗಳಿಂದ ಹೆಸರಾದ ಈ ಅರಣ್ಯಾಧಿಕಾರಿ ಅದಕ್ಕೂ ಮೊದಲು ಇರುವೆಗಳ ಬೆನ್ನು ಹತ್ತಿದವರು. 1892ರಲ್ಲಿ ನಮ್ಮ ಇರುವೆಗಳ ಮೇಲೆ ದೀರ್ಘ ಲೇಖನ ಬರೆದು, ಸ್ವಿಟ್ಜರ್ಲೆಂಡಿನ ಇರುವೆ ತಜ್ಞ ಫೋರೆಲ್‌ಗೆ ಮಾದರಿ ಕಳಿಸುತ್ತಿದ್ದರು. ಆ ಗುಹೆಯಿರುವ ಭೀಮಗಡ 2011ರಲ್ಲಿ ಅಭಯಾರಣ್ಯವಾಯಿತು. ಅಲ್ಲೀಗ ಅನುಮತಿಯಿಲ್ಲದೆ ಒಂದು ಇರುವೆಯನ್ನೂ ಹಿಡಿಯುವಂತಿಲ್ಲ.

1972ರ ವನ್ಯಜೀವಿ ಕಾಯ್ದೆಯ ನಂತರ ಹವ್ಯಾಸಿಯ ಕೈಯ ಬಲೆ ನಿಧಾನವಾಗಿ ಕೆಳಗಿಳಿಯಿತು. ಆ ಜಾಗಕ್ಕೆ ಕ್ಯಾಮೆರಾ ಬಂತು. 2000ದಲ್ಲಿ ಕೃಷ್ಣಮೇಘ ಕುಂಟೆ ಅವರ ದಕ್ಷಿಣ ಭಾರತದ ಚಿಟ್ಟೆಗಳ ಪುಸ್ತಕ, 2005ರಲ್ಲಿ ಕೆ. ಎ. ಸುಬ್ರಮಣಿಯನ್ ಅವರ ಏರೋಪ್ಲೇನ್ ಚಿಟ್ಟೆಗಳ ಕೈಪಿಡಿ ಬಂದ ಮೇಲೆ ಸೂಕ್ಷ್ಮದರ್ಶಕವಿಲ್ಲದವರೂ ಹೆಸರು ಹೇಳುವಂತಾಯಿತು. ಇದು ಒಳ್ಳೆಯದೇ ಆಯಿತು. ಆದರೆ ಚಿತ್ರ ಎಲ್ಲಕ್ಕೂ ಸಾಲದು. ಎಷ್ಟೋ ಪತಂಗಗಳ ಜಾತಿ ತಿಳಿಯಲು ಹೊಟ್ಟೆಯ ತುದಿಯ ಅಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.

ನನ್ನ ಕೊರಗು ಬೇರೆ. ಹಿಂದಿನವರ ಪ್ರತಿ ಹುಳದ ಕೆಳಗೆ ಒಂದು ಚೀಟಿ ಇರುತ್ತಿತ್ತು: ಊರು, ತಾರೀಖು, ಹಿಡಿದವರ ಹೆಸರು. ಆ ಚೀಟಿ ಕಳೆದರೆ ಹುಳ ಬರೀ ಅಲಂಕಾರ. ಇಂದು ಮೊಬೈಲಿನಲ್ಲಿ ಸಾವಿರ ಚಿತ್ರಗಳಿರುತ್ತವೆ, ಹುಳ ಯಾವ ಗಿಡದ ಮೇಲಿತ್ತೆಂದು ಕೇಳಿದರೆ ಉತ್ತರವಿರುವುದಿಲ್ಲ. ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗನ್ನೇ ನೋಡಿ. ಅದು ಮೊಟ್ಟೆಯಿಡುವ ಗಿಡಗಳಲ್ಲಿ ಈಶ್ವರಿ ಬಳ್ಳಿ ಒಂದು. ಬಳ್ಳಿಯ ವಿಷ ಕಂಬಳಿಹುಳುವಿನ ಮೈಗೇರಿ ಹಕ್ಕಿಗಳಿಂದ ಕಾಪಾಡುತ್ತದೆ. ಬಳ್ಳಿ ಎಲ್ಲಿದೆಯೆಂದು ಬರೆದಿಡದೆ ಹಾರುವ ಚಿಟ್ಟೆಯ ಚಿತ್ರವಷ್ಟೇ ತೆಗೆದರೆ ಅರ್ಧ ಕಥೆ ಹೋಯಿತು.

ಚಿಟ್ಟೆ ಬಿಟ್ಟು ಜೇಡ, ಬಸವನಹುಳು, ಏಡಿಗಳ ಕಡೆ ತಿರುಗಿದವರು ಇನ್ನೂ ಕಡಿಮೆ. 2022ರಲ್ಲಿ ಯಲ್ಲಾಪುರದ ಕಾಡಿನಿಂದ ಬಿಳಿ-ನೇರಳೆ ಬಣ್ಣದ ಹೊಸ ಏಡಿಯೊಂದು ವಿಜ್ಞಾನಕ್ಕೆ ಸೇರಿತು, ಘಟಿಯಾನಾ ದ್ವಿವರ್ಣ. ಅದನ್ನು ಮೊದಲು ಗಮನಿಸಿದವರಲ್ಲಿ ಅರಣ್ಯ ರಕ್ಷಕರೊಬ್ಬರಿದ್ದರು. ಬೆಲ್‌ರಂತೆ ದಿನವೂ ಅದೇ ಕಾಡಿನಲ್ಲಿ ನಡೆಯುವವರು. ಜಾಂಬೋಟಿ ದಾಟಿ ಕಣಕುಂಬಿಯ ಕಡೆ ಹೋದರೂ ಮಳೆಗಾಲದಲ್ಲಿ ಇಂಥ ಏಡಿಗಳು ಅಡಗುವ ಜಂಬಿಟ್ಟಿಗೆ ಕಲ್ಲಿನ ತೂತುಗಳಲ್ಲಿ ನೀರು ನಿಲ್ಲುತ್ತದೆ. ಆ ತೂತುಗಳಿಗೆ ಬ್ಯಾಟರಿ ಬಿಟ್ಟು ನೋಡುವವರು ಜೇಬಿನಲ್ಲಿ ಪೆನ್ಸಿಲ್ಲೊಂದನ್ನೂ ಇಟ್ಟುಕೊಂಡಿರಲಿ. ಮಳೆಯಲ್ಲಿ ಪೆನ್ನಿನ ಮಸಿ ಹರಡುತ್ತದೆ.