ಸೈಡಿಗೆ ನಿಂತವರು

ಬೇಲೂರಿಗೆ ಹೋದವರೆಲ್ಲ ಒಂದೇ ಪಟ ತೆಗೆಯುತ್ತಾರೆ. ಕನ್ನಡಿ ಹಿಡಿದ ದರ್ಪಣಸುಂದರಿ. ಕ್ಯಾಲೆಂಡರಿನಲ್ಲಿ ಅವಳೇ, ಗೋಡೆಯ ಮೇಲೂ ಅವಳೇ. ಅದೇ ಗುಡಿಯ ಸೂರಿನಡಿ ಬಿಲ್ಲು ಹಿಡಿದ ಬೇಡತಿಯೂ ಇದ್ದಾಳೆ. ಅವಳ ಕಡೆ ಕ್ಯಾಮೆರಾ ತಿರುಗುವುದು ಕಡಿಮೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ಕ್ಯಾಮೆರಾ ಹಿಡಿದು ಬರುವವರಿಗೆ ಈಗ ಇನ್ನೊಂದು ನೆಪ ಸಿಕ್ಕಿದೆ.

ನಾವು ಹೋದದ್ದು ಬೇರೆ ಕೆಲಸಕ್ಕೆ. ಐವತ್ತು, ಅರವತ್ತರ ದಶಕದಲ್ಲಿ ನಾಟಕ ಕಂಪನಿ, ಟೆಂಟ್ ಸಿನಿಮಾ, ರೇಡಿಯೋಗಳ ಸುತ್ತ ಪತ್ರಿಕೆಯವರು ತೆಗೆದ ಪಟಗಳಲ್ಲಿ ನಮ್ಮ ಜನ ಎಲ್ಲಿದ್ದಾರೆ ಅಂತ ಹುಡುಕುವುದಕ್ಕೆ. ಅರಸೀಕೆರೆಯಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಅದು ಜಂಕ್ಷನ್. ಬೆಂಗಳೂರು-ಹುಬ್ಬಳ್ಳಿ ದಾರಿಗೆ ಮೈಸೂರು-ಹಾಸನದ ದಾರಿ ಬಂದು ಕೂಡುವ ಊರು. ಪರದೆ, ಪೆಟ್ಟಿಗೆ, ರೀಲಿನ ಡಬ್ಬ ಎಲ್ಲ ರೈಲಿನಲ್ಲಿ ಓಡಾಡುತ್ತಿದ್ದ ಕಾಲ ಅದು.

ಆದರೆ ಮೊದಲು ಕಲ್ಲಿನ ಮಾತು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ, ವಿಷ್ಣುವರ್ಧನನ ಕಾಲಕ್ಕೆ. ಅಲ್ಲಿಯ ಶಿಲ್ಪಗಳಲ್ಲಿ ಕೆತ್ತಿದವರ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅರಸ ಮಾಡಿಸಿದ ಗುಡಿಯಲ್ಲಿ ಕಲ್ಲು ಕುಟ್ಟಿದವನು ತನ್ನ ಹೆಸರು ಹಾಕಿ ಹೋಗಿದ್ದಾನೆ. (ಕಲ್ಲು ಹೊತ್ತವರ ಹೆಸರು ನಮಗೆ ಅಲ್ಲೂ ಕಾಣಲಿಲ್ಲ. ಹೊಗಳುವಾಗ ಇದನ್ನು ಮರೆಯುವುದು ಬೇಡ.)

1964ರಲ್ಲಿ ಬಿ.ಎಸ್. ರಂಗಾ ಅವರು 'ಅಮರಶಿಲ್ಪಿ ಜಕಣಾಚಾರಿ' ತೆಗೆದರು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಕಲ್ಯಾಣಕುಮಾರ್ ಶಿಲ್ಪಿ, ಬಿ. ಸರೋಜಾದೇವಿ ನಾಯಕಿ. ಸಿನಿಮಾ ದಾಸೋಜನನ್ನು ಬಿಟ್ಟು ಐತಿಹ್ಯದ ಜಕಣಾಚಾರಿಯನ್ನು ಹಿಡಿಯಿತು. ಅದನ್ನು ತಪ್ಪು ಅನ್ನುವವರಲ್ಲ ನಾವು. ತಂದೆ ಕೆತ್ತಿದ ವಿಗ್ರಹದ ಹೊಟ್ಟೆಯಲ್ಲಿ ಕಪ್ಪೆಯಿದೆ ಅಂತ ಮಗ ತೋರಿಸುವ ಕತೆ ಯಾರಿಗೆ ಬೇಡ? ಆದರೆ ಕಲ್ಲಿನವನ ಕತೆಯನ್ನು ಬಣ್ಣದಲ್ಲಿ ಹೇಳಿದ ಆ ಕಾಲದ ಸಿನಿಮಾಪಟಗಳ ಕೆಳಗೆ ಅಚ್ಚಾಗುತ್ತಿದ್ದದ್ದು ನಾಯಕ ನಾಯಕಿಯರ ಹೆಸರು. ಬೆಳಕಿನ ಹಲಗೆ ಹಿಡಿದವನು, ಟ್ರಾಲಿ ತಳ್ಳಿದವನು ಪಟದಲ್ಲೇ ಇಲ್ಲ.

ಅರಸೀಕೆರೆ ಕಡೆಯ ಒಂದು ಕೇರಿಯಲ್ಲಿ ಎಂಬತ್ತು ದಾಟಿದ ತಾತನೊಬ್ಬ ಸಿಕ್ಕಿದ. ಟೆಂಟಿನ ಜಾಹೀರಾತು ಗಾಡಿಯ ಮುಂದೆ ತಮಟೆ ಬಡಿದವನು. "ಗಾಡಿ ಮುಂದೆ ಹೊಡ್ಕಂಡು ಎಂಟತ್ತು ಹಳ್ಳಿ ಸುತ್ತುತಿದ್ವಿ ಕಣ್ರಪ್ಪ. ಪೇಪರ್‌ನೋರು ಬಂದು ಫೋಟೋ ಹಿಡಿಯೋವಾಗ 'ಏಯ್, ಸೈಡಿಗೆ ನಿಂತ್ಕಳ್ರೋ' ಅಂದ್ರು. ನಿಂತ್ಕಂಡ್ವಿ. ರಾತ್ರಿ ನೆಲದ್ ಮೇಲೆ ಪುಕ್ಸಟ್ಟೆ ಕೂರಿಸಿ ಪಿಚ್ಚರ್ ತೋರ್ಸುದ್ರು. ಅದೇ ಕೂಲಿ."

ಸೈಡಿಗೆ ನಿಂತವರು ಏನಾದರು? ಆಗ ಪತ್ರಿಕೆಯಲ್ಲಿ ಪಟ ಬರಬೇಕಾದರೆ ಬ್ಲಾಕ್ ಮಾಡಿಸಬೇಕಿತ್ತು. ಪಟವನ್ನು ಗೆರೆ ಕೊರೆದ ಗಾಜಿನ ಜಾಳಿಗೆಯ ಮೂಲಕ ಮತ್ತೆ ಫೋಟೋ ಹಿಡಿದು, ಚುಕ್ಕಿ ಚುಕ್ಕಿಯಾಗಿ ಒಡೆದು, ಸತುವಿನ ತಗಡಿನ ಮೇಲೆ ಆಸಿಡ್‌ನಲ್ಲಿ ಕೊರೆಸುವ ಕೆಲಸ. ಚದರ ಅಂಗುಲದ ಲೆಕ್ಕದಲ್ಲಿ ದುಡ್ಡು. ಅಂಗುಲ ಉಳಿಸಬೇಕೆಂದರೆ ಅಂಚು ಕತ್ತರಿಸಬೇಕು. ಅಂಚಿನಲ್ಲಿ ನಿಂತವರು ನಾವು. ಹಾಗೂ ಉಳಿದುಕೊಂಡರೆ ಇನ್ನೊಂದು ಕಷ್ಟ. ಬಣ್ಣ ಹಚ್ಚಿದ ಮುಖಕ್ಕೆ ಬೆಳಕು ಅಳೆದು ತೆಗೆದ ಪಟದಲ್ಲಿ ಪಕ್ಕದ ಕಪ್ಪು ಮುಖ ಮಬ್ಬಾಗುತ್ತಿತ್ತು. ಬ್ಲಾಕಿಗಿಳಿದ ಮೇಲೆ ಬರೀ ಮಸಿ. ಇಲ್ಲಿ ಯಾರೂ ಗುಟ್ಟಾಗಿ ಕೂತು ಪಿತೂರಿ ಮಾಡಲಿಲ್ಲ. ಯಾರನ್ನು ನೋಡಬೇಕು ಅಂತ ಊರಿಗೆ ಮೊದಲೇ ಗೊತ್ತಿತ್ತು, ಕತ್ತರಿ ಅದರ ಮಾತು ಕೇಳಿತು.

ಈ ಕಟ್ಟಳೆ ಬೇಲೂರಿಗೆ ಹೊಸದಲ್ಲ. ಚೆನ್ನಕೇಶವ ಬಾಬಾಬುಡನ್ ಗಿರಿಯಲ್ಲಿರುವ ದೇವಿಯನ್ನು ನೋಡಲು ಹೋಗುತ್ತಾನೆ, ಅದಕ್ಕೆ ಅವನಿಗೆ ದೊಡ್ಡ ಚಪ್ಪಲಿ ಬೇಕು ಅಂತ ಕತೆ. ಚಪ್ಪಲಿ ಸವೆದಾಗ ಹೊಸ ಜೊತೆ ಹೊಲಿದು ತರುವ ಹೊಣೆ ಚನ್ನಗಿರಿ, ಬಸವಾಪಟ್ಟಣದ ಚಮ್ಮಾರರದು. ಅದನ್ನು ಒಪ್ಪಿಸಲು ಮಾತ್ರ ಅವರು ಗುಡಿಯ ಅಂಗಳಕ್ಕೆ ಬರಬಹುದಿತ್ತು ಅಂತ ಲೂಯಿಸ್ ರೈಸರ ಮೈಸೂರು ಗೆಜೆಟಿಯರಿನಲ್ಲಿ ದಾಖಲಾಗಿದೆ. ಹೊಲಿದದ್ದು ದೇವರ ಕಾಲಿಗೆ, ಹೊಲಿದವನು ಅಂಗಳಕ್ಕೆ. 1950ರ ಸಂವಿಧಾನ 17ನೇ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಕ್ಯಾಮೆರಾದ ಮುಂದೆ ಯಾರು ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಯಾವ ವಿಧಿಯೂ ಇರಲಿಲ್ಲ.

ಪಟದೊಳಕ್ಕೆ ನುಗ್ಗಿದವರೂ ಇದ್ದರು. ಅರಸೀಕೆರೆಯಲ್ಲೇ 1911ರಲ್ಲಿ ಹುಟ್ಟಿದ ಟಿ.ಎನ್. ಬಾಲಕೃಷ್ಣ. ಕಾಯಿಲೆ ಬಿದ್ದ ಗಂಡನ ಔಷಧಿಗಾಗಿ ತಾಯಿ ಈ ಮಗುವನ್ನು ಎಂಟು ರೂಪಾಯಿಗೆ ಮಾರಿದ್ದಳಂತೆ. ಎಂಟು ರೂಪಾಯಿ! ಬಡತನಕ್ಕೆ ಜಾತಿಯಿಲ್ಲ ಅನ್ನುವ ಸುಲಭದ ಮಾತು ಇಲ್ಲಿ ಹೇಳುವುದಿಲ್ಲ, ಆದರೆ ಹಸಿದ ಮನೆಯ ಲೆಕ್ಕ ನಮಗೆ ಗೊತ್ತು. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಮಾತು ಹಿಡಿದು, ಕಂಪನಿ ನಾಟಕದಿಂದ 1943ರ 'ರಾಧಾರಮಣ'ಕ್ಕೆ ಬಂದರು. ಆಮೇಲೆ ನೂರಾರು ಚಿತ್ರ. 'ಬಂಗಾರದ ಮನುಷ್ಯ'ದ (1972) ರಾಚೂಟಪ್ಪನನ್ನು ಮರೆತವರುಂಟೇ? ಬೆಂಗಳೂರಿನ ಕೆಂಗೇರಿ ಕಡೆ ಅಭಿಮಾನ್ ಸ್ಟುಡಿಯೋ ಕಟ್ಟಲು ಒದ್ದಾಡಿದರು. 1995ರಲ್ಲಿ ತೀರಿಕೊಂಡರು. ಅವರ ಪಟಗಳನ್ನು ಸಾಲಾಗಿ ಇಟ್ಟು ನೋಡಿದೆವು. ನಾಯಕನ ಪಕ್ಕ, ನಾಯಕನ ಹಿಂದೆ, ಹುಬ್ಬು ಏರಿಸಿ, ಬಾಯಿ ಸೊಟ್ಟ ಮಾಡಿ. ಒಳಗೆ ಬಿಟ್ಟುಕೊಂಡರೂ ನಗಿಸುವವನಾಗಿ, ಕೇಡಿಗನಾಗಿ ಬಿಟ್ಟುಕೊಂಡರು. ಆ ಕಣ್ಣುಗಳು ಮಾತ್ರ ಎಲ್ಲ ಪಟದಲ್ಲೂ ಎದುರಿನವರ ತುಟಿಯ ಮೇಲೇ ಇರುವಂತೆ ನಮಗೆ ಕಂಡಿತು. ಗೊತ್ತಿದ್ದು ನೋಡಿದ್ದರಿಂದ ಹಾಗನ್ನಿಸಿರಲೂಬಹುದು.

1954ರ 'ಬೇಡರ ಕಣ್ಣಪ್ಪ'ನೂ ಹಾಗೇ. ಗುಬ್ಬಿ ಕಂಪನಿಯ ನಾಟಕ, ಎಚ್.ಎಲ್.ಎನ್. ಸಿಂಹ ನಿರ್ದೇಶನ, ನಾಯಕನಾಗಿ ರಾಜಕುಮಾರರ ಮೊದಲ ಚಿತ್ರ. ಬೇಡ ಗುಡಿಗೆ ಹೋಗಿ ಶಿವನಿಗೆ ಮಾಂಸ ಇಡುವ ಕತೆಯನ್ನು ಟೆಂಟಿನ ನೆಲದಲ್ಲಿ ಕೂತು ನೋಡಿದ ನಮ್ಮ ಹಿರಿಯರು, ಬೆಳಗ್ಗೆ ಎದ್ದು ತಮ್ಮೂರ ಗುಡಿಯ ಹೊರಗೇ ಕೈಮುಗಿದರು.

ರೇಡಿಯೋದ ಪಟಗಳು ಇನ್ನೂ ಬಡವು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಆಕಾಶವಾಣಿ ಶುರು ಮಾಡಿದಾಗಿನಿಂದ ನೋಡುತ್ತ ಬನ್ನಿ: ಮೈಕು, ವಿದ್ವಾಂಸರು, ಶಾಲು. ಕೇಳುವವರ ಪಟ ಅಪರೂಪ. ನಮ್ಮಲ್ಲಿ ಕೆಲವರು ಕೇಳಿದ್ದು ಪಂಚಾಯ್ತಿ ಕಟ್ಟೆಯಿಂದ ಮಾರು ದೂರ ನಿಂತು. ದನಿಗೆ ಮಡಿಯಿರಲಿಲ್ಲ, ನಡೆದುಬಂತು. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ಬಂತು, ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಿಗೂ ಸೇರಿ. ಆಗ ಮಾತ್ರ ಕ್ಯಾಮೆರಾ ಪೆಟ್ಟಿಗೆಗೆ ಬೆನ್ನು ಮಾಡಿ ನೋಡುವವರತ್ತ ತಿರುಗಿತು. ಆ ಪಟಗಳು ಕೈಗೆ ಸಿಕ್ಕರೆ ಮೇಷ್ಟ್ರುಗಳು ಒಂದು ಕೆಲಸ ಮಾಡಬೇಕು: ಮುಂದೆ ಕೂತವರು ಯಾರು, ಹಿಂದೆ ನಿಂತವರು ಯಾರು ಅಂತ ಆ ಊರವರನ್ನೇ ಕೇಳಬೇಕು.

ಕ್ಯಾಮೆರಾವನ್ನೇ ಬೈದು ಕೂರುವುದೂ ತಪ್ಪು. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಪತ್ರಿಕೆಗೆ ಪಟ ತೆಗೆದವರೇ, 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿದವರು. ಸಿಡುಬು ನಿರ್ಮೂಲನೆಯ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಹಳ್ಳಿಗಳನ್ನು ಸುತ್ತಿದರು. ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಪಟಗಳನ್ನು ಯುನಿಸೆಫ್ ನ್ಯೂಯಾರ್ಕಿನಲ್ಲಿ ತೂಗುಹಾಕಿತು. ಸಾಮಾನ್ಯರನ್ನು ನಡುಮಧ್ಯೆ ನಿಲ್ಲಿಸಲು ಬರುತ್ತಿತ್ತು, ಮನಸ್ಸಿದ್ದವರು ನಿಲ್ಲಿಸಿದರು. ಆದರೂ ಆ ಮಕ್ಕಳ ಹೆಸರೇನು ಅಂತ ನಮ್ಮ ಬಾಯಿ ಸುಮ್ಮನಿರದೆ ಕೇಳುತ್ತದೆ.

ಅರಸೀಕೆರೆಯ ಹಳೆಯ ಸ್ಟುಡಿಯೋ ಒಂದರಲ್ಲಿ ಕತ್ತರಿ ಬೀಳದ ಪ್ರಿಂಟ್ ಒಂದು ಸಿಕ್ಕಿತು. ನಡುವೆ ಟೆಂಟಿನ ಬಾಗಿಲು, ಹಾರ ಹಾಕಿಕೊಂಡ ದೊಡ್ಡವರು. ಎಡಗಡೆ ಅಂಚಿನಲ್ಲಿ ಅರ್ಧ ತಮಟೆ, ಒಂದು ಕೈ, ಅದರ ಹಿಂದೆ ಇನ್ನೊಬ್ಬನ ಭುಜ. ತಾತನಿಗೆ ತೋರಿಸಿದೆವು. ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. "ಈ ಕಡ್ಡಿ ಹಿಡ್ದಿರೋ ಕೈ ನಮ್ಮಣ್ಣಂದು. ಭುಜ ನಂದು." ಆಮೇಲೆ, "ಇದನ್ನೊಂದು ಕಾಪಿ ಮಾಡಿಸ್ಕೊಡ್ರಪ್ಪ" ಅಂದ. ಮಾಡಿಸಿದೆವು. ಹಿಂದುಗಡೆ ಪೆನ್ಸಿಲಿನಲ್ಲಿ ಇಬ್ಬರ ಹೆಸರೂ ಬರೆದು ಕೊಟ್ಟೆವು.