ಗೋಲಿ ಬಿರಡೆ ಮತ್ತು ಜೋಡಿ ಸೀಸೆ: ಕಡೂರು–ತರೀಕೆರೆ–ಅಜ್ಜಂಪುರ ಸೀಮೆಯ ಸೋಡಾ ಪದ್ಧತಿಯ ಹಿನ್ನೆಲೆಯಲ್ಲಿ ಒಂದು ಮರುವಿಚಾರ

ಎರಡು ಸೀಸೆಗಳನ್ನು ಬಾಯಿಗೆ ಬಾಯಿ ಕೂಡಿಸಿ, ಒಳಗಿನ ಪಾನೀಯಗಳು ತಾವಾಗಿ ಬೆರೆಯುವಂತೆ ಮಾಡಬಹುದೇ? ಈ ಪ್ರಶ್ನೆ ಎತ್ತಿದವರೆಲ್ಲ ಬಹುಮಟ್ಟಿಗೆ ಸೀಸೆಯ ಕೊರಳಿನ ಬಗ್ಗೆಯೇ ಮಾತಾಡುತ್ತಾರೆ: ತಿರುಪು ಹೇಗಿರಬೇಕು, ಅಳತೆ ಎಷ್ಟಿರಬೇಕು, ಸೋರದಂತೆ ಏನು ಮಾಡಬೇಕು. ಅದರ ಜೊತೆಗೆ, ಯಾರೂ ಪರೀಕ್ಷಿಸದ ಒಂದು ನಂಬಿಕೆಯೂ ಸೇರಿಕೊಂಡಿದೆ. ಸೋಡಾದಂಥ ಗ್ಯಾಸಿನ ಪಾನೀಯಕ್ಕೆ ಬೇರೇನು ಬೆರೆಸಿದರೂ ಅದು ಉಕ್ಕಿ ಸಪ್ಪೆಯಾಗುತ್ತದೆ, ಹಾಗಾಗಿ ಜೋಡಿ ಸೀಸೆ ಏನಿದ್ದರೂ ಹಣ್ಣಿನ ರಸ, ಮಜ್ಜಿಗೆಗಳಿಗೆ ಮಾತ್ರ ಎಂಬುದು ಆ ನಂಬಿಕೆ. ಇದು ತಪ್ಪು ಎಂಬುದು ಈ ಲೇಖನದ ವಾದ. ಆಧಾರವಾಗಿ ತೆಗೆದುಕೊಂಡಿರುವುದು ನಮ್ಮ ಕಡೆಯ ಬಸ್‌ಸ್ಟ್ಯಾಂಡು, ಜಾತ್ರೆಗಳಲ್ಲಿ ತಲೆಮಾರುಗಳಿಂದ ಕೈಯಾಡಿರುವ ಗೋಲಿ ಸೋಡಾದ ಸೀಸೆ.

ಸೀಮೆಯ ಬಗ್ಗೆ ಎರಡು ಮಾತು ಸಾಕು. 1947ರವರೆಗೆ ಇಡೀ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಕಡೂರು, ಬೀರೂರು, ತರೀಕೆರೆ ಈಗಿನ ರಾಷ್ಟ್ರೀಯ ಹೆದ್ದಾರಿ 69ರ ಮೇಲಿವೆ. ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರ, ಬೀರೂರು ದಾಟಿದ ಮೇಲೆ ಹುಬ್ಬಳ್ಳಿ ರೈಲು ಹಾದಿಯಲ್ಲಿ ಸಿಗುತ್ತದೆ. ಕಡೂರು, ಅಜ್ಜಂಪುರ ಬಯಲುಸೀಮೆ. ತರೀಕೆರೆಯ ಪಶ್ಚಿಮಕ್ಕೆ ಲಕ್ಕವಳ್ಳಿ, ಕೆಮ್ಮಣ್ಣುಗುಂಡಿಗಳ ಮಲೆನಾಡು. ಬಾಯಾರಿಸುವ ಬಿಸಿಲೂ ತಂಪಿನ ಗಿರಿಯೂ ಒಂದೇ ದಿನದ ಪಯಣದೊಳಗೆ ಸಿಗುತ್ತವೆ. ಸೀಸೆಯೊಳಗಿನ ಒತ್ತಡದ ಲೆಕ್ಕಕ್ಕೆ ಈ ಸಂಗತಿ ಮುಂದೆ ಬೇಕಾಗುತ್ತದೆ.

ಹಿಂದಿನದರ ಸಮೀಕ್ಷೆಯಲ್ಲಿ ತಕರಾರಿಗೆ ಹೆಚ್ಚು ಎಡೆಯಿಲ್ಲ. ಪಾನೀಯ ಬೆರೆಸುವುದು ನಮ್ಮಲ್ಲಿ ಶಾಸ್ತ್ರವಾಗಿಯೇ ಬೆಳೆದದ್ದು. 12ನೆಯ ಶತಮಾನದ ಮಾನಸೋಲ್ಲಾಸದಲ್ಲಿ ಪಾನೀಯಭೋಗದ ಪ್ರಕರಣವಿದೆ. ಮಂಗರಸನ ಸೂಪಶಾಸ್ತ್ರ ಪಾನಕಗಳನ್ನು ಬೇರೆಯಾಗಿಯೇ ಹೇಳುತ್ತದೆ. ಆದರೆ ರಾಮನವಮಿಯ ಪಾನಕದಲ್ಲಿ ಬೆಲ್ಲ ಮೊದಲೋ ನಿಂಬೆ ಮೊದಲೋ ಎಂಬುದರಿಂದ ಕೊನೆಗೆ ಏನೂ ವ್ಯತ್ಯಾಸವಾಗದು. ನೀರಿಗೆ ಗ್ಯಾಸು ಸೇರಿದ ಮೇಲಷ್ಟೇ ಬೆರೆಸುವ ಕ್ರಮಕ್ಕೆ ಬೆಲೆ ಬಂತು. 1767ರಲ್ಲಿ ಪ್ರೀಸ್ಟ್ಲಿ ನೀರಿಗೆ ಇಂಗಾಲದ ಡೈಆಕ್ಸೈಡ್ ಹಿಡಿಸಿದ. 1783ರಲ್ಲಿ ಶ್ವೆಪ್ ಅದನ್ನು ವ್ಯಾಪಾರ ಮಾಡಿದ. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಗೋಲಿಯನ್ನೇ ಬಿರಡೆಯಾಗಿಸಿದ ಸೀಸೆಗೆ ಪೇಟೆಂಟ್ ಪಡೆದ. 1892ರಲ್ಲಿ ವಿಲಿಯಂ ಪೇಂಟರ್‌ನ ತಗಡಿನ ಮುಚ್ಚಳ ಬಂದು ಗೋಲಿಯನ್ನು ಹಿಂದಕ್ಕೆ ತಳ್ಳಿತು.

ಸೀಸೆಗಳನ್ನು ಜೋಡಿಸಿದ ಉದಾಹರಣೆಗಳೂ ಇವೆ. 1963ರಲ್ಲಿ ಆಲ್‌ಫ್ರೆಡ್ ಹೈನೆಕೆನ್, ವಾಸ್ತುಶಿಲ್ಪಿ ಹಬ್ರಾಕೆನ್ ಅವರಿಂದ ಒಂದು ಸೀಸೆಯ ಕೊರಳು ಇನ್ನೊಂದರ ತಳದ ಗುಳಿಯಲ್ಲಿ ಕೂರುವ ಬಿಯರ್ ಸೀಸೆ ಮಾಡಿಸಿದರು. ಉದ್ದೇಶ ಗೋಡೆ ಕಟ್ಟುವುದು, ಬೆರೆಸುವುದಲ್ಲ. 2014ರಲ್ಲಿ ಕೋಕಾ-ಕೋಲಾ ಕೊಲಂಬಿಯಾದಲ್ಲಿ, ಇನ್ನೊಂದು ಸೀಸೆಯ ಮುಚ್ಚಳಕ್ಕೆ ಕೂಡಿಸಿ ತಿರುಗಿಸಿದರೆ ಮಾತ್ರ ತೆರೆಯುವ ಮುಚ್ಚಳ ತಂದಿತು. ಅಪರಿಚಿತ ವಿದ್ಯಾರ್ಥಿಗಳನ್ನು ಮಾತಿಗೆಳೆಯುವ ಜಾಹೀರಾತು ಅದು. ಸೀಸೆಗಳು ಕೂಡುತ್ತಿದ್ದವು, ಪಾನೀಯಗಳು ಕೂಡುತ್ತಿರಲಿಲ್ಲ. ಒಂದು ಸೀಸೆಯಲ್ಲಿದ್ದದ್ದು ಇನ್ನೊಂದಕ್ಕೆ ನಿಜವಾಗಿ ಇಳಿಯುವುದೆಂದರೆ ಶಾಲೆಯ ವಿಜ್ಞಾನ ಪ್ರದರ್ಶನಗಳಲ್ಲಿ ಮಕ್ಕಳು ಎರಡು ಪ್ಲಾಸ್ಟಿಕ್ ಸೀಸೆಗಳ ಬಾಯಿ ಕೂಡಿಸಿ ನೀರಿನ ಸುಳಿ ತೋರಿಸುವ ಆಟ. ಅದರಲ್ಲಿ ಒಂದು ಪಾಠವಿದೆ: ನೀರು ಇಳಿಯಬೇಕಾದರೆ ಗಾಳಿ ಏರಬೇಕು. ಸೋಡಾದ ಗ್ಯಾಸಿನ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಇನ್ನು ವಿವಾದದ ಅಂಶಕ್ಕೆ ಬರೋಣ. ಬೆರೆಸಿದರೆ ಸೋಡಾ ಉಕ್ಕುತ್ತದೆ ಎಂಬ ನಂಬಿಕೆ ಬಂದದ್ದು ಕಣ್ಣೆದುರಿನ ಅನುಭವದಿಂದ. ಅಂಗಡಿಯವನು ಲೋಟದ ತಳಕ್ಕೆ ನಿಂಬೆ ಹಿಂಡಿ ಚಿಟಿಕೆ ಉಪ್ಪು ಹಾಕುತ್ತಾನೆ. ಗೋಲಿ ಒತ್ತುವ ಮರದ ಗುಂಡಿಯನ್ನು ಸೀಸೆಯ ಬಾಯ ಮೇಲಿಟ್ಟು ಅಂಗೈಯಿಂದ ಒಂದು ಏಟು ಕೊಡುತ್ತಾನೆ. ಗೋಲಿ ಟಕ್ಕೆಂದು ಕೆಳಗಿಳಿಯುತ್ತದೆ. ಲೋಟ ಓರೆ ಹಿಡಿದು ಬಗ್ಗಿಸಿದರೆ, ಉಪ್ಪಿನ ಮೇಲೆ ಬಿದ್ದ ಸೋಡಾ ಬುಸ್ಸೆಂದು ಅಂಚಿನವರೆಗೂ ಏರುತ್ತದೆ. ಗಿರಾಕಿ ನೊರೆ ಚೆಲ್ಲುವ ಮುನ್ನ ತುಟಿ ಹಚ್ಚುತ್ತಾನೆ. ಇದನ್ನು ಕಂಡವರು ಉಪ್ಪೇ ಗ್ಯಾಸನ್ನು ಎಬ್ಬಿಸಿತು ಎನ್ನುವುದು ಸಹಜ.

ಆದರೆ ಅದೇ ಅಂಗಡಿಯಲ್ಲಿ ಇದಕ್ಕೆ ಎದುರು ಸಾಕ್ಷಿಯೂ ಇದೆ. ಬಣ್ಣದ ಗೋಲಿ ಸೋಡಾ ತಯಾರಿಸುವಾಗ ಶರಬತ್ತು ಮೊದಲು ಸೀಸೆಗೆ ಹೋಗುತ್ತದೆ, ಗ್ಯಾಸು ಆಮೇಲೆ. ಯಂತ್ರದ ಚೌಕಟ್ಟಿನಲ್ಲಿ ಸೀಸೆಯನ್ನು ಕೂರಿಸಿ, ಸಿಲಿಂಡರಿನ ಗ್ಯಾಸು ಬಿಟ್ಟು, ತಲೆಕೆಳಗಾಗಿ ತಿರುಗಿಸಿ ಕುಲುಕುತ್ತಾರೆ. ಸಕ್ಕರೆ, ಹುಳಿ, ಬಣ್ಣ, ಗ್ಯಾಸು ಎಲ್ಲ ಒಂದೇ ಸೀಸೆಯಲ್ಲಿ ಅಲ್ಲಾಡಿಹೋಗುತ್ತವೆ. ಕುಲುಕಿದ ನೊರೆ ಅರೆಗಳಿಗೆ ನಿಂತು ಅಡಗುತ್ತದೆ. ಆಮೇಲೆ ಆ ಸೀಸೆ ಪೆಟ್ಟಿಗೆಯಲ್ಲಿ ದಿನಗಟ್ಟಲೆ ತಣ್ಣಗೆ ಇರುತ್ತದೆ. ಬೆರೆಸುವುದೇ ಉಕ್ಕಿಗೆ ಕಾರಣವಾಗಿದ್ದರೆ ಬಣ್ಣದ ಸೋಡಾ ಎಂಬ ಸರಕೇ ಇರುತ್ತಿರಲಿಲ್ಲ.

ಕಾರಣ ಇನ್ನೆಲ್ಲಿದೆ? ಒತ್ತಡ ಇಳಿಯುವುದರಲ್ಲಿ. ಒಂದು ತಾಪದಲ್ಲಿ ನೀರು ಎಷ್ಟು ಗ್ಯಾಸು ಹಿಡಿಯುತ್ತದೆ ಎಂಬುದು ಅದರ ಮೇಲಿರುವ ಗ್ಯಾಸಿನ ಒತ್ತಡಕ್ಕೆ ಅನುಪಾತದಲ್ಲಿರುತ್ತದೆಂದು ವಿಲಿಯಂ ಹೆನ್ರಿ 1803ರಲ್ಲೇ ತೋರಿಸಿದ. ಗೋಲಿ ಕೆಳಗಿಳಿದ ಕ್ಷಣದಿಂದ ಸೋಡಾ ತಾನು ಹಿಡಿಸಲಾರದಷ್ಟು ಗ್ಯಾಸನ್ನು ಹೊತ್ತು ನಿಂತಿರುತ್ತದೆ. ಉಪ್ಪಿನ ಹರಳು ಮಾಡುವುದು ಗುಳ್ಳೆ ಹುಟ್ಟಲು ಒರಟು ನೆಲೆ ಒದಗಿಸುವ ಕೆಲಸ ಮಾತ್ರ. ಮುಚ್ಚಿದ ಸೀಸೆಯಲ್ಲಿ ಹೊರಬರಬೇಕಾದ ಹೆಚ್ಚುವರಿ ಗ್ಯಾಸೇ ಇಲ್ಲದಿರುವಾಗ ಆ ನೆಲೆಗೆ ಕೆಲಸವಿಲ್ಲ.

ಇಲ್ಲಿ ಒಂದು ತಿದ್ದುಪಡಿ ಸೇರಿಸಬೇಕು. ಉಪ್ಪೂ ಸಕ್ಕರೆಯೂ ಕರಗಿದ ನೀರು ಬರಿಯ ನೀರಿಗಿಂತ ತುಸು ಕಡಿಮೆ ಗ್ಯಾಸು ಹಿಡಿಯುತ್ತದೆ. ಆದ್ದರಿಂದ ಮುಚ್ಚಿದ ಸೀಸೆಯಲ್ಲಿ ಬೆರೆಸಿದರೂ ಒತ್ತಡ ಸ್ವಲ್ಪ ಏರಬೇಕು. ನನ್ನ ವಾದ ಉಪ್ಪಿನ ಪಾತ್ರವನ್ನು ಅಲ್ಲಗಳೆಯುವುದಿಲ್ಲ, ಅದು ಎರಡನೆಯ ದರ್ಜೆಯದು ಎನ್ನುತ್ತದೆ ಅಷ್ಟೆ.

ಇದನ್ನು ಒಪ್ಪಿದರೆ ಜೋಡಿ ಸೀಸೆಯ ಸಮಸ್ಯೆಯೇ ಬೇರೆಯಾಗುತ್ತದೆ. ಕೇಳಬೇಕಾದ್ದು ಒತ್ತಡ ಇಳಿಯದಂತೆ ಕೂಡಿಸುವುದು ಹೇಗೆ ಎಂದು. ಒಂದು ಒರಟು ಲೆಕ್ಕ ಹಾಕೋಣ. 200 ಮಿ.ಲೀ. ಸೋಡಾದಲ್ಲಿ ಅದರ ಮೂರು ಪಟ್ಟು ಗಾತ್ರದ, ಎಂದರೆ 600 ಮಿ.ಲೀ. ಗ್ಯಾಸು ಕರಗಿದೆ ಎಂದಿಟ್ಟುಕೊಳ್ಳಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಒಂದು ವಾಯುಭಾರಕ್ಕೆ ತನ್ನ ಗಾತ್ರದ ಸುಮಾರು 0.66ರಷ್ಟು ಗ್ಯಾಸು ಹಿಡಿಯುತ್ತದೆ. ಹಾಗಾಗಿ ಒಳಗಿನ ಒತ್ತಡ ಸುಮಾರು 4.5 ವಾಯುಭಾರ. ಸೀಸೆಯಲ್ಲಿ ದ್ರವದ ಮೇಲೆ 50 ಮಿ.ಲೀ. ಖಾಲಿ ಜಾಗ ಬಿಟ್ಟಿದೆ ಎನ್ನೋಣ. ಇದರ ಮೇಲೆ 50 ಮಿ.ಲೀ. ಹಿಡಿಯುವ ಪುಟ್ಟ ಸೀಸೆಯನ್ನು, ಅದರಲ್ಲಿ 40 ಮಿ.ಲೀ. ಶರಬತ್ತು ತುಂಬಿ, ಬೋರಲಾಗಿ ಕೊರಳುಪಟ್ಟಿಯೊಂದರಿಂದ ಬಿಗಿದು, ನಡುವೆ ಇಟ್ಟ ಕಡ್ಡಿಯಿಂದ ಗೋಲಿಯನ್ನು ಒಳಕ್ಕೆ ಒತ್ತಿದರೆ, ಒತ್ತಡ ಕ್ಷಣಕಾಲ ನಾಲ್ಕರ ಆಸುಪಾಸಿಗೆ ಇಳಿದು 4.3ರ ಹತ್ತಿರ ನಿಲ್ಲುತ್ತದೆ. ನೊರೆ ಏಳುವಂಥ ಇಳಿತ ಇದಲ್ಲ. ಪುಟ್ಟ ಸೀಸೆಯ ಬದಲು ಅಷ್ಟೇ ಶರಬತ್ತಿರುವ 240 ಮಿ.ಲೀ. ಸೀಸೆಯನ್ನು ಕೂಡಿಸಿದರೆ ಗ್ಯಾಸಿನ ಒತ್ತಡ ಸುಮಾರು 2.2ಕ್ಕೆ, ಎಂದರೆ ಅರ್ಧಕ್ಕೆ ಕುಸಿಯುತ್ತದೆ; ಆಗ ನೊರೆ ಏಳದೆ ಇರದು. ನೋಡಲು ಚೆಂದವೆಂದು ಒಂದೇ ಅಳತೆಯ ಎರಡು ಸೀಸೆಗಳನ್ನು ಕೂಡಿಸುವ ವಿನ್ಯಾಸ ಸೋಲುವುದು ಇಲ್ಲೇ. ಮೇಲಿನದು ಚಿಕ್ಕದಿರಬೇಕು, ಬಹುಪಾಲು ತುಂಬಿರಬೇಕು.

ಶರಬತ್ತೇ ಏಕೆ ಮೇಲಿರಬೇಕು? ನೂರಕ್ಕೆ 65 ಭಾಗ ಸಕ್ಕರೆಯಿರುವ ಪಾಕದ ಸಾಂದ್ರತೆ ನೀರಿನ 1.3 ಪಟ್ಟು. ಅದು ಕೆಳಗಿದ್ದರೆ ಸೋಡಾ ಮೇಲೆಯೇ ತೇಲುತ್ತದೆ, ಬಹಳ ಹೊತ್ತು ಕಾದರೂ ಸರಿಯಾಗಿ ಬೆರೆಯದು. ಮೇಲಿದ್ದರೆ ತಾನೇ ಎಳೆಎಳೆಯಾಗಿ ಇಳಿಯುತ್ತದೆ, ಆ ಜಾಗಕ್ಕೆ ಗ್ಯಾಸು ಏರುತ್ತದೆ. ಇನ್ನೂ ಬಲವಾದ ಕಾರಣ ಗೋಲಿಯದೇ. ಗೋಲಿ ಸೀಸೆಯನ್ನು ನೇರ ಬೋರಲು ಹಿಡಿದರೆ ಗೋಲಿ ಉರುಳಿ ಬಾಯಿ ಮುಚ್ಚಿಕೊಳ್ಳುತ್ತದೆ. ಕೊರಳಿನಲ್ಲಿರುವ ಎರಡು ತಗ್ಗುಗಳು ಗೋಲಿಯನ್ನು ತಡೆದು ನಿಲ್ಲಿಸುವುದು ಆ ಬದಿಯನ್ನು ಕೆಳಗೆ ಮಾಡಿ ಓರೆಯಾಗಿ ಬಗ್ಗಿಸಿದಾಗ ಮಾತ್ರ. ಸೋಡಾ ಮೇಲಿರುವ ಜೋಡಣೆ ಈ ಸೀಸೆಯಲ್ಲಿ ಸಾಧ್ಯವೇ ಇಲ್ಲ.

ಈ ಲೇಖನದ ಅತಿ ಧೈರ್ಯದ ಮಾತು ಇದರಿಂದಲೇ ಹುಟ್ಟುತ್ತದೆ. ಗೋಲಿಯನ್ನು ಹಳೆಯ ಕಾಲದ ಮುಚ್ಚಳವೆಂದು ನೆನಪಿನ ಬರಹಗಳು ಬಣ್ಣಿಸುತ್ತವೆ. ಕಾರ್ಯದಲ್ಲಿ ಅದು ಮುಚ್ಚಳಕ್ಕಿಂತ ಹೆಚ್ಚಾಗಿ ಒಮ್ಮುಖ ಕವಾಟ: ಒಳಗಿನ ಪಾನೀಯವೇ ತನ್ನ ಗ್ಯಾಸಿನಿಂದ ಅದನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿದಿರುತ್ತದೆ. ಶರಬತ್ತು ಇಳಿದ ಮೇಲೆ ಜೋಡಿಯನ್ನು ಒಟ್ಟಿಗೆ ತಲೆಕೆಳಗು ಮಾಡಿದರೆ ಗೋಲಿ ಮತ್ತೆ ಉಂಗುರಕ್ಕೆ ಬಂದು ಕೂರಬೇಕು. ಆಗ ಪುಟ್ಟ ಸೀಸೆಯನ್ನು ಕಳಚಿದರೆ ಹೊರಗಿನ ಒತ್ತಡ ಬಿದ್ದು, ಒಳಗಿನದು ಗೋಲಿಯನ್ನು ಬಿಗಿದು ಹಿಡಿಯಬೇಕು. ಕಳಚುವಾಗ ಒಟ್ಟು ಗ್ಯಾಸಿನಲ್ಲಿ ಸುಮಾರು ಕಾಲು ಭಾಗ ಹೋಗುತ್ತದೆ. ಒಳಗೆ ಉಳಿಯುವ ಒತ್ತಡ ಆಗಲೂ ನಾಲ್ಕು ವಾಯುಭಾರಕ್ಕೆ ಹತ್ತಿರ. ಎಂದರೆ, ಬೆರೆತ ಪಾನೀಯ ಮುಚ್ಚಿದ ಸೀಸೆಯಲ್ಲೇ, ಗ್ಯಾಸು ಸಹಿತ, ಗಿರಾಕಿಯ ಕೈಗೆ ಬರಬಹುದು. ಸೋಡಾ ಯಂತ್ರದಲ್ಲಿ ಸೀಸೆಯನ್ನು ತಿರುಗಿಸುವ ಚಲನೆಯೂ ಇದೇ. ತಗಡಿನ ಮುಚ್ಚಳಕ್ಕಾಗಲಿ ತಿರುಪಿನ ಮುಚ್ಚಳಕ್ಕಾಗಲಿ ಈ ಗುಣವಿಲ್ಲ.

‘ಬೇಕು’ ಎಂದು ಬರೆದಿರುವುದು ತಿಳಿದೇ. ಮೇಲಿನದು ಲೆಕ್ಕ ಮತ್ತು ತರ್ಕ. ತಯಾರಾದ ವಸ್ತುವಿನ ವರದಿಯಲ್ಲ. ಗೋಲಿ ಕೂರುವ ಮುನ್ನ ಒಂದಿಷ್ಟು ಪಾನೀಯ ಪುಟ್ಟ ಸೀಸೆಗೆ ಜಾರಿಹೋಗಬಹುದು. ಗಟ್ಟಿ ಪಾಕ ಗೋಲಿ ನಿಂತ ಇಕ್ಕಟ್ಟಿನಲ್ಲಿ ಎಷ್ಟು ಬೇಗ ಇಳಿಯುತ್ತದೆಂಬುದು ಪಾಕದ ಹದಕ್ಕೆ ಬಿಟ್ಟದ್ದು. ನನ್ನಾರಿ ಶರಬತ್ತಿಗೂ ತೆಳುವಾದ ನಿಂಬೆ ಪಾಕಕ್ಕೂ ಒಂದೇ ಉತ್ತರ ಇರಲಾರದು. ಬಲಗಳೂ ಸಣ್ಣವಲ್ಲ. ಉಂಗುರದ ರಂಧ್ರ 12 ಮಿ.ಮೀ. ಎಂದುಕೊಂಡರೆ ಗೋಲಿಯನ್ನು ಒತ್ತಲು ಸುಮಾರು ನಾಲ್ಕು ಕಿಲೋ ಭಾರದಷ್ಟು ಬಲ ಬೇಕು; ಅಂಗಡಿಯವನ ಅಂಗೈ ಏಟಿಗೆ ಅರ್ಥವಿದೆ. ಬಾಯಿ 20 ಮಿ.ಮೀ. ಇದ್ದರೆ ಎರಡು ಸೀಸೆಗಳನ್ನು ದೂರ ತಳ್ಳುವ ಬಲ ಹನ್ನೊಂದು ಕಿಲೋ ಭಾರದಷ್ಟು. ಕೊರಳುಪಟ್ಟಿ ಅದನ್ನು ತಡೆಯಬೇಕು, ಪುಟ್ಟ ಸೀಸೆಯೂ ಸೋಡಾ ಸೀಸೆಯಷ್ಟೇ ಗಟ್ಟಿಯಿರಬೇಕು. ಮಾಮೂಲಿ ಶರಬತ್ತಿನ ಗಾಜಿನ ಸೀಸೆಯಲ್ಲಿ ಇದನ್ನು ಪರೀಕ್ಷಿಸಲು ಹೋಗುವುದು ಅಪಾಯ.

ಇಲ್ಲಿ ಕಡೂರು ಬೇರೆ, ಕೆಮ್ಮಣ್ಣುಗುಂಡಿ ಬೇರೆ. 35 ಡಿಗ್ರಿಯ ಬಯಲಿನಲ್ಲಿ ಅದೇ ಸೋಡಾದ ಒತ್ತಡ ಐದು ವಾಯುಭಾರ ದಾಟಿದರೆ, 1,434 ಮೀಟರ್ ಎತ್ತರದ ಗಿರಿಯ 20 ಡಿಗ್ರಿ ತಂಪಿನಲ್ಲಿ 3.4ಕ್ಕೆ ಇಳಿಯುತ್ತದೆ. ಗೋಲಿ ಒತ್ತುವ ಕಡ್ಡಿಗೆ ಸ್ಪ್ರಿಂಗ್ ಹಾಕಿದರೆ, ಗಿರಿಯಲ್ಲಿ ತೆರೆದದ್ದು ಅಜ್ಜಂಪುರದ ಬಿಸಿಲಿನಲ್ಲಿ ತೆರೆಯದೆ ಹೋಗಬಹುದು. ಕಡ್ಡಿ ಕೊರಳುಪಟ್ಟಿಗೆ ಬಿಗಿದಿರುವುದೇ ಲೇಸು. ಎರಡೂ ಕಡೆ ಗೋಲಿ ಸೀಸೆಗಳನ್ನೇ ಇಟ್ಟು ನಡುವೆ ಸಡಿಲ ಕಡ್ಡಿ ಹಾಕಿದರಂತೂ ಒತ್ತಡ ಕಡಿಮೆಯಿರುವ ಸೀಸೆಯ ಗೋಲಿ ಮೊದಲು ಸೋತು ಕೆಳಗಿಳಿಯುತ್ತದೆ, ಇನ್ನೊಂದು ಮುಚ್ಚಿಯೇ ಉಳಿಯುತ್ತದೆ.

ಗೋಲಿ ಸೀಸೆ ಈಗ ಮತ್ತೆ ಚಾಲ್ತಿಗೆ ಬಂದಿದೆ. ಉತ್ತರ ಪ್ರದೇಶದ ಸಾಸನಿಯ ಖಂಡೇಲ್ವಾಲ್ ಗಾಜಿನ ಕಾರ್ಖಾನೆ ಅದನ್ನು ಉಳಿಸಿಕೊಂಡು ಬಂದವುಗಳಲ್ಲಿ ಒಂದು. 2025ರ ಮಾರ್ಚ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಗೋಲಿ ಸೋಡಾದ ರಫ್ತನ್ನೇ ಸುದ್ದಿಯಾಗಿ ಪ್ರಕಟಿಸಿತು. ಸೀಸೆ ಸಿಗುವುದಿಲ್ಲ ಎಂಬ ಆಕ್ಷೇಪಕ್ಕೆ ಈಗ ಬಲವಿಲ್ಲ.

ಉಳಿದಿರುವ ಪ್ರಶ್ನೆ ತೊಳೆಯುವುದರದು, ಅದು ಚಿಕ್ಕದಲ್ಲ. ಗೋಲಿ ಸೀಸೆಯ ಕೊರಳಿಗೆ ಬ್ರಷ್ ಸರಿಯಾಗಿ ಇಳಿಯದು. ಬರಿಯ ಸೋಡಾ ಒಣಗಿದರೆ ಏನೂ ಅಂಟುವುದಿಲ್ಲ. ಪಾಕ ಒಣಗಿದರೆ ಗೋಲಿ ಉಂಗುರಕ್ಕೆ ಕಚ್ಚಿಕೊಳ್ಳುತ್ತದೆ, ಇರುವೆಯೂ ಬರುತ್ತದೆ. ಬಣ್ಣದ ಸೋಡಾ ಮಾಡುವವರು ಉಂಗುರವನ್ನು ಎಷ್ಟು ದಿನಕ್ಕೊಮ್ಮೆ ಬದಲಾಯಿಸುತ್ತಾರೆ, ಯಾವ ರಬ್ಬರು ಹುಳಿಗೂ ಬಿಸಿನೀರಿಗೂ ತಡೆಯುತ್ತದೆ ಎಂಬುದನ್ನು ಕಡೂರು, ಬೀರೂರು, ತರೀಕೆರೆಯ ತಯಾರಕರಲ್ಲಿ ವಿಚಾರಿಸಿ ದಾಖಲಿಸಿದ ಮೇಲೆ ಜೋಡಿ ಸೀಸೆಯ ಮಾದರಿಗೆ ಕೈ ಹಾಕುವುದು ಒಳ್ಳೆಯದು.